ಸನ್ನೆಯ ರೈಫಲ್, ಸೀಸದ ಗುಂಡು: ಒಂದು ಆಯ್ಕೆಯ ಹಿಂದಿನ ವಿಜ್ಞಾನ

ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸನ್ನೆ, ಮಿಶ್ರಲೋಹ, ಘರ್ಷಣೆ, ಕರಗುವ ಬಿಂದು ಎಂಬ ಪದಗಳು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಇವೆಲ್ಲವೂ ಒಂದೇ ಉಪಕರಣದಲ್ಲಿ ಕೂಡಿಕೊಂಡಿರುವುದಕ್ಕೆ ಅಮೆರಿಕದ ಲೀವರ್ ಆ್ಯಕ್ಷನ್ ರೈಫಲ್ ಒಳ್ಳೆಯ ನಿದರ್ಶನ. ಎರಕ ಹೊಯ್ದ ಸೀಸದ ಗುಂಡಿಗೆ ಇಂತಹ ಯಾವ ರೈಫಲ್ ಹೊಂದುತ್ತದೆ ಎಂಬುದು ಅಲ್ಲಿನ ಗುರಿಕಾರರ ನಡುವೆ ಇಂದಿಗೂ ಜೀವಂತವಾಗಿರುವ ಪ್ರಶ್ನೆ. ಅದಕ್ಕೆ ಉತ್ತರ ದೊರೆಯುವುದು ನಮ್ಮ ಮಕ್ಕಳು ಕನ್ನಡದಲ್ಲಿ ಕಲಿಯುವ ಪಾಠಗಳಲ್ಲಿಯೇ.

ಈ ರೈಫಲಿನ ಕುದುರೆಯನ್ನು ಸುತ್ತುವರಿದ ಬಳೆಯೇ ಸನ್ನೆ. ಅದನ್ನು ಕೆಳಮುಖವಾಗಿ ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಬೀಳುತ್ತದೆ. ಹಿಂದಕ್ಕೆ ಎಳೆದರೆ ಹೊಸ ತೋಟಾ ನಳಿಗೆಯೊಳಗೆ ಸೇರುತ್ತದೆ. 1860ರ ಹೆನ್ರಿ ರೈಫಲ್ ಹಾಗೂ 1873ರ ವಿಂಚೆಸ್ಟರ್ ಈ ವಿನ್ಯಾಸವನ್ನು ಪ್ರಸಿದ್ಧಿಗೆ ತಂದವು. 1873ರ ಮಾದರಿಯ .44-40 ತೋಟಾದಲ್ಲಿ ಸುಮಾರು 13 ಗ್ರಾಂ ತೂಕದ ಸೀಸದ ಗುಂಡು, ಸುಮಾರು 2.6 ಗ್ರಾಂ ಕಪ್ಪು ಮದ್ದು ಇರುತ್ತಿದ್ದವು. ಊರಿನಿಂದ ದೂರವಿದ್ದ ರೈತರೂ ದನಗಾಹಿಗಳೂ ಅಚ್ಚಿನಲ್ಲಿ ಸೀಸ ಹೊಯ್ದು ಗುಂಡುಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಇಂದು ವೆಚ್ಚ ಉಳಿಸುವವರೂ ಹಳೆಯ ಕಾಲದ ವೇಷದಲ್ಲಿ ಗುರಿಸ್ಪರ್ಧೆಗೆ ಇಳಿಯುವವರೂ ಆ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ.

ಮೊದಲು ನೋಡಬೇಕಾದುದು ವೇಗ

ಸೀಸವು ಮೃದು ಲೋಹ. 327 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ವೇಗವೂ ಒತ್ತಡವೂ ಮಿತಿಮೀರಿದರೆ ಗುಂಡಿನ ಮೈ ಸವೆದು ಸೀಸವು ನಳಿಗೆಗೆ ಮೆತ್ತಿಕೊಳ್ಳುತ್ತದೆ, ಗುರಿಯೂ ತಪ್ಪುತ್ತದೆ. .38 ಸ್ಪೆಷಲ್, .44-40, .45 ಕೋಲ್ಟ್ ಮೊದಲಾದ ಹಳೆಯ ತೋಟಾಗಳ ವೇಗ ಕಡಿಮೆ. ಸೀಸಕ್ಕೆ ಅವು ಸಹಜವಾಗಿ ಒಗ್ಗುತ್ತವೆ. ಜಾನ್ ಬ್ರೌನಿಂಗ್ ರೂಪಿಸಿದ 1894ರ ವಿಂಚೆಸ್ಟರಿಗೆ 1895ರಲ್ಲಿ ಬಂದ .30-30 ತೋಟಾ ಹೊಗೆರಹಿತ ಮದ್ದಿನದು. ಅದರ ಗುಂಡು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಸಾಗುವುದರಿಂದ ಅದಕ್ಕೆ ತಾಮ್ರದ ಕವಚ ಬೇಕಾಯಿತು. ಅದರಲ್ಲಿ ಸೀಸವನ್ನೇ ಬಳಸಬೇಕೆನ್ನುವವರು ವೇಗವನ್ನು ತಗ್ಗಿಸುತ್ತಾರೆ, ಇಲ್ಲವೆ ಗಟ್ಟಿ ಮಿಶ್ರಲೋಹ ಆರಿಸಿ ಗುಂಡಿನ ಬುಡಕ್ಕೆ ತಾಮ್ರದ ಚಿಕ್ಕ ಬಟ್ಟಲನ್ನು ತೊಡಿಸುತ್ತಾರೆ.

ಶುದ್ಧ ಸೀಸದ ಬ್ರಿನೆಲ್ ಗಡಸುತನ ಸುಮಾರು 5. 90 ಪಾಲು ಸೀಸಕ್ಕೆ 5 ಪಾಲು ತವರ, 5 ಪಾಲು ಆಂಟಿಮನಿ ಬೆರೆಸಿದರೆ ಅದು ಸುಮಾರು 15ಕ್ಕೆ ಏರುತ್ತದೆ. ಆಂಟಿಮನಿ ಗಡಸುತನ ಕೊಡುತ್ತದೆ. ಪಾತ್ರೆಗೆ ಕಲಾಯಿ ಹಾಕುವ ಅದೇ ತವರವು ಲೋಹ ಅಚ್ಚಿನ ಮೂಲೆಮೂಲೆಗೂ ಹರಿಯಲು ನೆರವಾಗುತ್ತದೆ. ಆದರೆ ಗಟ್ಟಿಯಾದಷ್ಟೂ ಒಳ್ಳೆಯದೆಂಬ ನಿಯಮವಿಲ್ಲ. ಕಡಿಮೆ ಒತ್ತಡದ ತೋಟಾದಲ್ಲಿ ಅತಿ ಗಟ್ಟಿಯಾದ ಗುಂಡು ಹಿಗ್ಗಿ ನಳಿಗೆಯನ್ನು ತುಂಬಲಾರದು; ಬಿಸಿ ಅನಿಲ ಅದರ ಬದಿಯಿಂದ ನುಗ್ಗಿ ಸೀಸವನ್ನು ಕರಗಿಸುತ್ತದೆ.

ನಳಿಗೆಯ ಗೀರುಗಳು

ಗುಂಡು ತಿರುಗುತ್ತಾ ನೇರವಾಗಿ ಸಾಗಲೆಂದು ನಳಿಗೆಯ ಒಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಮಾರ್ಲಿನ್ ಕಂಪನಿ 1950ರ ದಶಕದಲ್ಲಿ ಕೆಲವೇ ಆಳವಾದ ಗೀರುಗಳ ಬದಲು ಆಳವಿಲ್ಲದ ಅನೇಕ ಗೀರುಗಳ ‘ಮೈಕ್ರೋ ಗ್ರೂವ್’ ನಳಿಗೆಯನ್ನು ತಂದಿತು. ಕವಚವಿರುವ ಗುಂಡಿಗೆ ಅದು ಸೊಗಸಾಗಿ ಹೊಂದಿತು. ಮೃದುವಾದ ಸೀಸದ ಗುಂಡು ಮಾತ್ರ ವೇಗ ಹೆಚ್ಚಿದಾಗ ಆ ಗೀರುಗಳ ಹಿಡಿತಕ್ಕೆ ಸಿಗದೆ ಜಾರಬಲ್ಲದು. ಆದ್ದರಿಂದ ಸೀಸವನ್ನೇ ನೆಚ್ಚುವವರು ಆಳವಾದ ಗೀರಿನ ನಳಿಗೆಯನ್ನು ಬಯಸುತ್ತಾರೆ. ಕಿರುಗೀರಿನ ನಳಿಗೆ ಈಗಾಗಲೇ ಇದ್ದರೆ ತುಸು ದಪ್ಪನೆಯ, ಗಟ್ಟಿಯಾದ ಗುಂಡನ್ನು ಆರಿಸುತ್ತಾರೆ. ಸೀಸದ ಗುಂಡು ನಳಿಗೆಯ ಗೀರಿನ ವ್ಯಾಸಕ್ಕಿಂತ ಅಂಗುಲದ ಸಾವಿರದ ಒಂದೆರಡು ಭಾಗದಷ್ಟು ದಪ್ಪವಿರಬೇಕೆಂಬುದು ಅವರ ಸಾಮಾನ್ಯ ಸೂತ್ರ.

ಸುರುಳಿಯ ಬಿಗಿಯೂ ಮುಖ್ಯ. ಹಳೆಯ ಮಾರ್ಲಿನ್ .44 ಮ್ಯಾಗ್ನಮ್ ನಳಿಗೆಯಲ್ಲಿ ಗೀರು 38 ಅಂಗುಲಕ್ಕೆ ಒಂದು ಸುತ್ತು ಬರುತ್ತಿತ್ತು; .45-70ರಲ್ಲಿ 20 ಅಂಗುಲಕ್ಕೆ ಒಂದು. ಉದ್ದನೆಯ ಭಾರದ ಗುಂಡು ಸ್ಥಿರವಾಗಿ ಸಾಗಲು ಬಿಗಿಯಾದ ಸುರುಳಿಯೇ ಬೇಕು. 1873ರಲ್ಲಿ ಅಮೆರಿಕದ ಸೇನೆಗೆಂದು ಬಂದ .45-70 ಮೊದಲಿನಿಂದಲೂ ಸೀಸದ ಗುಂಡಿಗೇ ರೂಪುಗೊಂಡದ್ದು; ಭಾರದ ಗುಂಡು ಬೇಕೆನ್ನುವವರಿಗೆ ಅದು ಇಂದಿಗೂ ಸಲ್ಲುತ್ತದೆ. ಗುರಿಯಾಟಕ್ಕೆ ಮಾತ್ರವಾದರೆ .38 ಸ್ಪೆಷಲ್ ತೋಟಾವನ್ನೂ ಸ್ವೀಕರಿಸಬಲ್ಲ .357 ಮ್ಯಾಗ್ನಮ್ ರೈಫಲ್ ಅಗ್ಗ, ಅದರ ಹಿಂದೊದೆತವೂ ಕಡಿಮೆ.

ಸುರಕ್ಷತೆಯ ಎರಡು ಅಂಶಗಳನ್ನು ಮರೆಯುವಂತಿಲ್ಲ. ಈ ರೈಫಲುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಕೂರುತ್ತವೆ. ಹಿಂದಿನ ಗುಂಡಿನ ಮೂತಿ ಚೂಪಾಗಿದ್ದರೆ ಮುಂದಿನ ತೋಟಾದ ಬುಡದ ಸಿಡಿಮದ್ದಿಗೆ ತಾಗಿ ಕೊಳವೆಯಲ್ಲಿಯೇ ಸ್ಫೋಟವಾಗಬಹುದು. ಆದುದರಿಂದ ಚಪ್ಪಟೆ ಮೂತಿಯ ಗುಂಡೇ ಬೇಕು. ಎರಡನೆಯದಾಗಿ, 1873ರ ಮಾದರಿಯ ಬೀಗವು ಕಡಿಮೆ ಒತ್ತಡಕ್ಕಷ್ಟೇ ತಕ್ಕುದು. 1892 ಹಾಗೂ 1894ರ ಮಾದರಿಗಳ ಬೀಗ ಹೆಚ್ಚು ಬಲವಾದುದು.

ಸೀಸದ ಬೆಲೆ

ಈ ಲೋಹದ ಅಗ್ಗದ ಬೆಲೆಯೊಳಗೆ ಮತ್ತೊಂದು ಬೆಲೆ ಅಡಗಿದೆ. ಸೀಸದ ಧೂಳು ಬಟ್ಟೆಗೂ ಕೈಗೂ ಅಂಟಿ ಮನೆಯೊಳಗೆ ಬರುತ್ತದೆ. ಮಕ್ಕಳ ದೇಹದಲ್ಲಿ ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವೇ ಗೊತ್ತಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಅದು ಬೆಳೆಯುವ ಮಿದುಳಿಗೆ ಹಾನಿ ಮಾಡಿ ಕಲಿಕೆಯನ್ನು ಕುಗ್ಗಿಸುತ್ತದೆ. ಮಗುವಿನ ರಕ್ತದಲ್ಲಿ ಪ್ರತಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಕಂಡರೂ ಎಚ್ಚರವಹಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಲ್ಲಿ ಹೇಳಿತು. ಬೇಟೆಯ ಕಳೇಬರದಲ್ಲಿ ಉಳಿದ ಸೀಸವನ್ನು ತಿಂದು ಕಾಂಡೋರ್ ಎಂಬ ಅಪರೂಪದ ರಣಹದ್ದುಗಳು ಸಾಯುತ್ತಿದ್ದುದು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಚರ್ಚೆಯಾಯಿತು. 2019ರ ಜುಲೈ 1ರಿಂದ ಆ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ.

ನಮ್ಮಲ್ಲಿ 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಂದೂಕನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಇಪ್ಪತ್ತೊಂದು ವರ್ಷ ತುಂಬದವರಿಗೆ ಪರವಾನಗಿ ದೊರೆಯದು. ಆದ್ದರಿಂದ ನಮ್ಮ ಹೆಚ್ಚಿನ ಮನೆಗಳಿಗೆ ರೈಫಲಿನ ಆಯ್ಕೆ ಓದಿ ತಿಳಿಯುವ ವಿಷಯ ಮಾತ್ರ. ಸೀಸ ಹಾಗಲ್ಲ. ಬೀಸುಬಲೆಯ ಅಂಚಿನ ಸೀಸದ ಮಣಿ, ಹಳೆಯ ಬ್ಯಾಟರಿಯ ತಗಡು, ತವರಕ್ಕೆ ಸೀಸ ಬೆರೆಸಿದ ಅಗ್ಗದ ಕಲಾಯಿ, ಇವು ನಮ್ಮ ಅಂಗಳಕ್ಕೂ ಅಡುಗೆಮನೆಗೂ ಬರಬಲ್ಲವು. ಸೀಸವನ್ನು ಮನೆಯಲ್ಲಿ ಕರಗಿಸಬಾರದು; ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆದ ಬಳಿಕವೇ ಉಣ್ಣಬೇಕು; ಆ ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ಒಗೆಯಬಾರದು.