ಹಳೆಯ ಚಕ್ರ, ಹೊಸ ನಡುಕ

ಕಾರಿಗೆ ಹೊಸ ಚಕ್ರಗಳನ್ನು ಕೊಳ್ಳುವಷ್ಟು ಹಣ ಕೈಯಲ್ಲಿಲ್ಲದಾಗ, ಅಥವಾ ಹಣವಿದ್ದರೂ ಅಷ್ಟು ಸುರಿಯಲು ಮನಸ್ಸು ಬಾರದಾಗ, ಬಳಸಿದ ಚಕ್ರಗಳತ್ತ ಕಣ್ಣು ಹೋಗುವುದು ಸಹಜ. ಬೀದರ್ ಜಿಲ್ಲೆಯವರು ಇದಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಪುಣೆ–ಹೈದರಾಬಾದ್ ಹೆದ್ದಾರಿಗೆ ಹತ್ತಿರದ ಬಸವಕಲ್ಯಾಣದ ಆಟೋನಗರ ವಾಹನಗಳ ದುರಸ್ತಿಗೆ ಹೆಸರಾದ ಜಾಗ. ಟೈರು ಸಮೇತ ನಾಲ್ಕು ಅಲಾಯ್ ಚಕ್ರಗಳನ್ನು ತಂದು ಹಾಕಿಸಿದಿರಿ ಎನ್ನೋಣ. ಊರೊಳಗೆ ಏನೂ ತೊಂದರೆಯಿಲ್ಲ. ಸಸ್ತಾಪುರ ಬಂಗ್ಲಾ ದಾಟಿ ಹುಮನಾಬಾದಿನ ದಾರಿ ಹಿಡಿದು ವೇಗ 80 ಕಿ.ಮೀ. ಮುಟ್ಟುತ್ತಲೇ ಸ್ಟೀರಿಂಗ್ ನಡುಗತೊಡಗುತ್ತದೆ, ಕೆಳಗಿನಿಂದ ಗುಂಯ್ ಎಂಬ ಸದ್ದು. ಗ್ಯಾರೇಜಿನಲ್ಲಿ ಸಿಗುವ ಮೊದಲ ಸಲಹೆ ‘ಬ್ಯಾಲೆನ್ಸಿಂಗ್ ಮಾಡಿಸಿ’ ಎಂಬುದು. ಅದು ಹಲವು ಸಲ ಸರಿಯೇ. ಆದರೆ ಎರಡು ಬಾರಿ ಮಾಡಿಸಿದ ಮೇಲೂ ನಡುಕ ನಿಲ್ಲದಿದ್ದರೆ? ಆಗ ಹಣ ತೆರುವುದನ್ನು ನಿಲ್ಲಿಸಿ ಸ್ವಲ್ಪ ಲೆಕ್ಕ ಮಾಡುವುದು ಒಳ್ಳೆಯದು.

ನಡುಗುತ್ತಿರುವುದು ಚಕ್ರದಿಂದಲೋ ಎಂಜಿನ್ನಿನಿಂದಲೋ ಎಂಬುದು ಮೊದಲ ಪ್ರಶ್ನೆ. ಒಂದೇ ವೇಗದಲ್ಲಿ ಓಡುತ್ತಾ ಐದನೆಯ ಗೇರಿನಿಂದ ನಾಲ್ಕಕ್ಕೆ ಬನ್ನಿ. ಎಂಜಿನ್ನಿನ ಸುತ್ತು ಹೆಚ್ಚುತ್ತದೆ, ಚಕ್ರದ ಸುತ್ತು ಬದಲಾಗುವುದಿಲ್ಲ. ನಡುಕ ಹಾಗೆಯೇ ಉಳಿದರೆ ಎಂಜಿನ್ ನಿರಪರಾಧಿ. ವೇಗ ಹೆಚ್ಚಿಸಲು ತುಳಿದಾಗ ಮಾತ್ರ ನಡುಗಿ, ಕಾಲು ತೆಗೆದೊಡನೆ ನಿಂತರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಂಡದ ಕೀಲಿನ ಮೇಲೆ ಅನುಮಾನ ಪಡಬೇಕು.

ಈಗ ಚಕ್ರದ ಲೆಕ್ಕ. ಟೈರಿನ ಮೇಲೆ 165/80 ಆರ್ 14 ಎಂದು ಬರೆದಿದೆ ಎಂದುಕೊಳ್ಳಿ. 165 ಎಂಬುದು ಮಿ.ಮೀ.ನಲ್ಲಿ ಟೈರಿನ ಅಗಲ, ಅದರ ಶೇ. 80 ಪಕ್ಕೆಯ ಎತ್ತರ, 14 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಕೂಡಿದರೆ ಇಡೀ ಚಕ್ರದ ವ್ಯಾಸ ಸುಮಾರು 620 ಮಿ.ಮೀ., ಸುತ್ತಳತೆ 1.95 ಮೀಟರ್. ಗಂಟೆಗೆ 90 ಕಿ.ಮೀ. ಎಂದರೆ ಸೆಕೆಂಡಿಗೆ 25 ಮೀಟರ್. ಅಂದರೆ ಚಕ್ರ ಸೆಕೆಂಡಿಗೆ ಸುಮಾರು 13 ಸುತ್ತು ಸುತ್ತುತ್ತದೆ. ರಿಮ್ಮಿನ ಒಂದು ಕಡೆ 30 ಗ್ರಾಂ ಹೆಚ್ಚು ತೂಕವಿದ್ದರೆ ಏನಾದೀತು? ಬಲವು ಕೋನೀಯ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 45 ಕಿ.ಮೀ. ವೇಗದಲ್ಲಿ ಅದು ಸುಮಾರು 9 ನ್ಯೂಟನ್, 90ರಲ್ಲಿ ನಾಲ್ಕು ಪಟ್ಟು, ಅಂದರೆ 35 ನ್ಯೂಟನ್. ಮೂರೂವರೆ ಕಿಲೋ ತೂಕದ ಎಳೆತವೊಂದು ಸೆಕೆಂಡಿಗೆ 13 ಬಾರಿ ದಿಕ್ಕು ತಿರುಗಿಸುತ್ತಾ ಚಕ್ರವನ್ನು ಜಗ್ಗುತ್ತಿರುತ್ತದೆ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ರಥದ ಗಾಲಿ ಎಷ್ಟೇ ಅಸಮವಾಗಿದ್ದರೂ ಈ ಬಗೆಯ ನಡುಕ ಅದಕ್ಕಿಲ್ಲ. ನಡಿಗೆಯ ವೇಗದಲ್ಲಿ ಈ ವರ್ಗ ತೀರ ಚಿಕ್ಕದು.

ಆದರೆ ನಡುಕ 80ರ ಹತ್ತಿರವೇ ಥಟ್ಟನೆ ಏಕೆ ಏಳಬೇಕು? ಚಕ್ರವು ಎರಡು ಸ್ಪ್ರಿಂಗುಗಳ ನಡುವೆ ಕುಳಿತಿದೆ. ಮೇಲೆ ಕಾರಿನ ಸ್ಪ್ರಿಂಗು, ಕೆಳಗೆ ಗಾಳಿ ತುಂಬಿದ ಟೈರೇ ಇನ್ನೊಂದು, ಬಹಳ ಬಿರುಸಾದ ಸ್ಪ್ರಿಂಗು. ಇವುಗಳ ನಡುವೆ ಚಕ್ರದ ಸ್ವಾಭಾವಿಕ ಆವೃತ್ತಿ ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್. ನಮ್ಮ ಚಕ್ರ 80 ಕಿ.ಮೀ. ವೇಗದಲ್ಲಿ 11.4, 90ರಲ್ಲಿ 12.8 ಸುತ್ತು ಸುತ್ತುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದಂತೆ ಇಲ್ಲಿ ಅನುರಣನೆ ಉಂಟಾಗುತ್ತದೆ. ನಡುಕ ಸ್ಟೀರಿಂಗಿನಲ್ಲಿ ಹೆಚ್ಚಿದ್ದರೆ ದೋಷ ಬಹುಶಃ ಮುಂದಿನ ಚಕ್ರದಲ್ಲಿ. ಸೀಟಿನಲ್ಲಿ ತಿಳಿದರೆ ಹಿಂದಿನದರಲ್ಲಿ. ಮುಂದಿನ ಜೋಡಿಯನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿ ನೋಡಿದರೆ ಖಚಿತವಾಗುತ್ತದೆ.

ಕೆಲವರು ಇನ್ನೊಂದು ವಿಚಿತ್ರವನ್ನು ಹೇಳುತ್ತಾರೆ: ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ನಡುಕ ಕೆಲವು ಸೆಕೆಂಡು ಬಂದು, ಕರಗಿ, ಮತ್ತೆ ಬರುತ್ತದೆಯಂತೆ. ಮಿಸ್ತ್ರಿಗಳು ಇದನ್ನು ನಂಬುವುದಿಲ್ಲ, ‘ರಸ್ತೆಯೇ ಹಾಗಿದೆ ಸಾರ್’ ಎನ್ನುತ್ತಾರೆ. ಭೌತವಿಜ್ಞಾನದಲ್ಲಿ ಇದಕ್ಕೆ ವಿಸ್ಪಂದ ಎಂದು ಹೆಸರು. ಎರಡು ತಂತಿಗಳನ್ನು ಶ್ರುತಿ ಮಾಡುವವರು ಬಲ್ಲ ಆ ‘ಅಲೆ’ ಇದೇ. ಬಳಸಿದ ಟೈರುಗಳಲ್ಲಿ ಒಂದು ಇನ್ನೊಂದಕ್ಕಿಂತ 3 ಮಿ.ಮೀ. ಹೆಚ್ಚು ಸವೆದಿದ್ದರೆ ವ್ಯಾಸದಲ್ಲಿ 6 ಮಿ.ಮೀ., ಅಂದರೆ ಸುಮಾರು ಶೇ. 1 ವ್ಯತ್ಯಾಸ. ಒಂದು ಚಕ್ರ 12.8 ಸುತ್ತು ಸುತ್ತುವಾಗ ಇನ್ನೊಂದು ಸುಮಾರು 0.13 ಸುತ್ತು ಹೆಚ್ಚು ಸುತ್ತುತ್ತದೆ. ಎರಡರ ಎಳೆತಗಳೂ ಸುಮಾರು ಎಂಟು ಸೆಕೆಂಡಿಗೊಮ್ಮೆ ಜತೆಗೂಡುತ್ತವೆ, ನಡುವೆ ಒಂದನ್ನೊಂದು ಅಳಿಸುತ್ತವೆ. ಆದ್ದರಿಂದ ನಡುಕ ಬಂದು ಹೋಗುತ್ತಿದ್ದರೆ ಗಡಿಯಾರ ನೋಡಲು ಪಕ್ಕದಲ್ಲಿ ಕುಳಿತವರಿಗೆ ಹೇಳಿ. ಅವಧಿ ಹೆಚ್ಚುಕಡಿಮೆ ಸಮನಾಗಿದ್ದರೆ ದೋಷ ಒಂದು ಚಕ್ರದಲ್ಲಲ್ಲ, ಎರಡರಲ್ಲಿ ಇದೆ. ಸವೆತವೂ ಬೇರೆ ಬೇರೆ.

ಬ್ಯಾಲೆನ್ಸಿಂಗ್ ಸೋಲುವ ಸಂದರ್ಭ ನನ್ನ ಮಟ್ಟಿಗೆ ಇಲ್ಲಿ ಅತ್ಯಂತ ಸ್ವಾರಸ್ಯದ್ದು. ಹುಮನಾಬಾದಿನ ನನ್ನ ಪರಿಚಿತ ಅಧ್ಯಾಪಕರೊಬ್ಬರು ಬಳಸಿದ ಅಲಾಯ್ ಚಕ್ರಗಳನ್ನು ಹಾಕಿಸಿಕೊಂಡು ಎರಡು ಬಾರಿ ಬ್ಯಾಲೆನ್ಸಿಂಗ್ ಮಾಡಿಸಿದರು. ಯಂತ್ರ ಎರಡು ಬಾರಿಯೂ ಸೊನ್ನೆ ತೋರಿಸಿತು, ಕಾರು ಎರಡು ಬಾರಿಯೂ ನಡುಗಿತು. ಯಂತ್ರ ಸುಳ್ಳು ಹೇಳಿರಲಿಲ್ಲ. ಯಂತ್ರದ ಮೇಲೆ ಚಕ್ರವನ್ನು ನಡುವಿನ ರಂಧ್ರಕ್ಕೆ ಶಂಕುವೊಂದನ್ನು ತೂರಿಸಿ ಕೂರಿಸುತ್ತಾರೆ. ಆದ್ದರಿಂದ ಅದು ಸರಿಯಾಗಿ ಕೇಂದ್ರದಲ್ಲೇ ಸುತ್ತುತ್ತದೆ. ಅವರ ಕಾರಿನ ಹಬ್ಬಿನ ವ್ಯಾಸ 54.1 ಮಿ.ಮೀ., ಚಕ್ರದ ನಡುವಿನ ರಂಧ್ರ 73.1 ಮಿ.ಮೀ. ಹಲವು ಬಗೆಯ ಕಾರುಗಳಿಗೆ ಹೊಂದಲೆಂದು ಇಂಥ ಅಲಾಯ್ ಚಕ್ರಗಳ ರಂಧ್ರವನ್ನು ದೊಡ್ಡದಾಗಿ ಮಾಡಿರುತ್ತಾರೆ. ನಡುವಿನ ಅಂತರ ತುಂಬಲು ಒಂದು ಬಳೆ ಬೇಕು. ಹಿಂದಿನ ಮಾಲೀಕರ ಬಳಿಯೇ ಉಳಿಯಿತೋ ಏನೋ, ಬಳೆ ಬಂದಿರಲಿಲ್ಲ. ಚಕ್ರವು ಬರೀ ನಟ್ಟುಗಳ ಆಸರೆಯಲ್ಲಿ ಒಂದಿಷ್ಟು ಓರೆಯಾಗಿ ಕುಳಿತಿತ್ತು.

ಒಂದಿಷ್ಟು ಎಂದರೆ ಎಷ್ಟು? ಟೈರು ಸಮೇತ ಚಕ್ರದ ತೂಕ 14 ಕಿಲೋ ಎನ್ನೋಣ. ಅದು ಕೇಂದ್ರದಿಂದ ಬರೀ 1 ಮಿ.ಮೀ. ಸರಿದರೆ, ರಿಮ್ಮಿನ ಅಂಚಿಗೆ ಸುಮಾರು 80 ಗ್ರಾಂ ಸೀಸ ಅಂಟಿಸಿದಷ್ಟೇ ಪರಿಣಾಮ. 90 ಕಿ.ಮೀ. ವೇಗದಲ್ಲಿ ಬಲ 90 ನ್ಯೂಟನ್ ಮೀರುತ್ತದೆ. ಜತೆಗೆ ಚಕ್ರ ಮೇಲೆಕೆಳಗೆ ಏರಿಳಿಯುವ ತೊಂದರೆ ಬೇರೆ. ಯಾವ ಸೀಸದ ತುಂಡೂ ಇದನ್ನು ಸರಿಪಡಿಸದು. ಅಳತೆಗೆ ಹೊಂದುವ ನಾಲ್ಕು ಬಳೆಗಳು ಸರಿಪಡಿಸಿದವು.

ನಡುಕ ಕಿರಿಕಿರಿಯಷ್ಟೆ ಎಂದುಕೊಳ್ಳಬೇಡಿ. ನಟ್ಟುಗಳ ವಿಷಯದಲ್ಲಿ ಅದು ಪ್ರಾಣದ ಪ್ರಶ್ನೆ. ನಾಲ್ಕು ಬೋಲ್ಟುಗಳ ಕೇಂದ್ರಗಳು ಬೀಳುವ ವೃತ್ತದ ವ್ಯಾಸ ಬಹಳಷ್ಟು ಸಣ್ಣ ಕಾರುಗಳಲ್ಲಿ 100 ಮಿ.ಮೀ.; ಫಿಯಟ್ ಪಾಲಿಯೋದಲ್ಲಿ 98. ಎರಡು ಮಿ.ಮೀ. ಅಂತರ ಕಣ್ಣಿಗೆ ಕಾಣುವುದಿಲ್ಲ, ಪಾನಾ ಹಾಕಿ ಒತ್ತಿದರೆ ಚಕ್ರ ಕೂತಂತೆಯೂ ಅನ್ನಿಸುತ್ತದೆ. ಆದರೆ ಪ್ರತಿ ರಂಧ್ರವೂ 1 ಮಿ.ಮೀ. ಆಚೆಗಿದ್ದು, ನಟ್ಟಿನ ಶಂಕುವಿನ ಒಂದು ಮಗ್ಗುಲು ಮಾತ್ರ ಲೋಹಕ್ಕೆ ತಾಗುತ್ತದೆ. ನಟ್ಟಿನ ಮೂತಿಯೂ ಹೊಂದಬೇಕು: ಹಲವು ಕಾರುಗಳದು ಶಂಕುವಿನಾಕಾರ, ಹೋಂಡಾ ಕಾರುಗಳದು ಗೋಳಾಕಾರ. ಒಂದರ ನಟ್ಟು ಇನ್ನೊಂದರ ಚಕ್ರಕ್ಕೆ ಹಾಕಿದರೆ ತೆಳುವಾದ ಒಂದು ಉಂಗುರದಷ್ಟು ಜಾಗವೇ ಭಾರವನ್ನೆಲ್ಲ ಹೊರುತ್ತದೆ. ಆ ಜಾಗ ಸವೆದಂತೆ ಬಿಗಿ ಸಡಿಲುತ್ತದೆ, ಸಡಿಲಿದ ಚಕ್ರ ಬೋಲ್ಟುಗಳನ್ನು ಅತ್ತಿತ್ತ ಬಗ್ಗಿಸುತ್ತದೆ, ದಣಿದ ಬೋಲ್ಟು ಮುರಿಯುತ್ತದೆ. ಕಡಿಮೆ ವೇಗದಲ್ಲೂ ಟಕ್ ಟಕ್ ಎಂಬ ಸದ್ದಿನೊಡನೆ ನಡುಕ ಇದ್ದು, ದಿನದಿನಕ್ಕೆ ಹೆಚ್ಚುತ್ತಿದ್ದರೆ ಗಾಡಿಯನ್ನು ಅಲ್ಲೇ ಬದಿಗೆ ನಿಲ್ಲಿಸಿ ನಟ್ಟು ನೋಡಿ. ಮನೆ ಮುಟ್ಟಿ ನೋಡೋಣ ಎನ್ನಬೇಡಿ.

ಇನ್ನು ತುಕ್ಕು. ಹಬ್ಬಿನ ಮುಖದ ಅಗಲ 140 ಮಿ.ಮೀ. ಇದ್ದು, ಅದರ ಅಂಚಿನಲ್ಲಿ 0.3 ಮಿ.ಮೀ. ದಪ್ಪದ ತುಕ್ಕಿನ ಚಕ್ಕೆ ಸಿಕ್ಕಿಕೊಂಡರೆ ಟೈರಿನ ಹೊರ ಅಂಚಿನಲ್ಲಿ ಓಲಾಟ 1.3 ಮಿ.ಮೀ. ಆಗುತ್ತದೆ. ತಂತಿಯ ಬ್ರಷ್ಷಿನಿಂದ ಎರಡು ನಿಮಿಷ ಉಜ್ಜಿದರೆ ಸಾಕು, ಯಾರೂ ಉಜ್ಜುವುದಿಲ್ಲ.

ಓಲಾಟವನ್ನು ಮನೆಯಲ್ಲೇ ಅಳೆಯಬಹುದು. ಸಮತಟ್ಟಾದ ಜಾಗದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಒಡ್ಡಿ, ಜಾಕಿನಿಂದ ಚಕ್ರ ಎತ್ತಿ, ಗಟ್ಟಿ ಆಸರೆ ಕೊಡಿ. ಬರೀ ಜಾಕನ್ನು ನಂಬಿ ಕಾರಿನ ಕೆಳಗೆ ಕೈ ಹಾಕಬಾರದು. ಇಟ್ಟಿಗೆಯ ಮೇಲೆ ಪೆನ್ಸಿಲನ್ನು ಅಲುಗದಂತೆ ಕಟ್ಟಿ, ತುದಿಯನ್ನು ಟೈರಿನ ಮೈಗೆ ಇನ್ನೇನು ತಾಗುವಂತೆ ಇರಿಸಿ ಚಕ್ರವನ್ನು ಕೈಯಿಂದ ತಿರುಗಿಸಿ. ಅಂತರ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಏರಿಳಿದರೆ ರಿಮ್ಮು ಬೆಂಡಾಗಿದೆ, ಟೈರು ದುಂಡಗಿಲ್ಲ, ಇಲ್ಲವೇ ಚಕ್ರ ಸರಿಯಾಗಿ ಕುಳಿತಿಲ್ಲ. ಇದೇ ಪರೀಕ್ಷೆಯನ್ನು ರಿಮ್ಮಿನ ಅಂಚಿಗೂ ಮಾಡಿದರೆ ರಿಮ್ಮೋ ಟೈರೋ ತಿಳಿಯುತ್ತದೆ.

ಸದ್ದಿನ ಕಡೆಗೆ ಬರೋಣ. ಟೈರಿನ ಮೈಮೇಲಿನ ಗಟ್ಟಿಗಳು ಸುತ್ತಿಗೆ 70 ಇದ್ದರೆ 80 ಕಿ.ಮೀ. ವೇಗದಲ್ಲಿ ರಸ್ತೆಗೆ ಸೆಕೆಂಡಿಗೆ 800 ಬಾರಿ ಬಡಿಯುತ್ತವೆ. ಹೊಸ ಟೈರಿನಲ್ಲಿ ಗಟ್ಟಿಗಳ ಅಳತೆಯನ್ನು ಬೇಕೆಂದೇ ಹೆಚ್ಚುಕಡಿಮೆ ಮಾಡಿ ಒಂದೇ ಸ್ವರ ಏಳದಂತೆ ನೋಡಿಕೊಂಡಿರುತ್ತಾರೆ. ಇನ್ನೊಬ್ಬರ ಕಾರಿನಲ್ಲಿ ಅಲೈನ್‌ಮೆಂಟ್ ಕೆಟ್ಟು ಹಲ್ಲುಹಲ್ಲಾಗಿ ಸವೆದ ಟೈರು ಆ ಜಾಣ್ಮೆಯನ್ನು ಕಳೆದುಕೊಂಡಿರುತ್ತದೆ. ಅಂಗೈಯನ್ನು ಟೈರಿನ ಮೇಲೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದರಲ್ಲಿ ಗರಗಸದಂತೆ ತಾಗಿದರೆ ಸದ್ದಿನ ಮೂಲ ಸಿಕ್ಕಿತು. ಹಳ್ಳ ಹಾರಿದಾಗ ಕೇಳುವ ಡೊಳ್ಳಿನಂಥ ‘ಡಂಯ್’ ದೋಷವಲ್ಲ. ಟೈರಿನೊಳಗಿನ ಒಂದೂವರೆ ಮೀಟರ್ ಸುತ್ತಿನ ಗಾಳಿ ಸುಮಾರು 225 ಹರ್ಟ್ಸ್‌ನಲ್ಲಿ ಮಿಡಿಯುವುದು ಅದು.

ಟೈರಿನ ಸದ್ದಿಗೂ ಬೇರಿಂಗಿನ ಸದ್ದಿಗೂ ಗೊಂದಲವಾಗುವುದು ಹೆಚ್ಚು. ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಸದ್ದು ಬದಲಾದರೆ ಟೈರು. ಬದಲಾಗದಿದ್ದರೆ ಬೇರಿಂಗ್ ಇರಬಹುದು. ಎಡಕ್ಕೆ ತಿರುಗುವಾಗ ಭಾರ ಬಲ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಯ್ಗುಟ್ಟುವಿಕೆ ಹೆಚ್ಚಿದರೆ ಬಲಗಡೆಯ ಬೇರಿಂಗನ್ನು ನೋಡಿ. ಎತ್ತಿದ ಚಕ್ರವನ್ನು ಒಬ್ಬರು ತಿರುಗಿಸುವಾಗ ಇನ್ನೊಬ್ಬರು ಸ್ಪ್ರಿಂಗಿನ ಮೇಲೆ ಬೆರಳಿಟ್ಟರೆ ಕೆಟ್ಟ ಬೇರಿಂಗಿನ ಗರಗರ ಬೆರಳಿಗೇ ತಿಳಿಯುತ್ತದೆ. ರಿಮ್ಮು ಹಿಂದಿನದಕ್ಕಿಂತ ತೀರ ಹೊರಗೆ ಚಾಚಿಕೊಂಡಿದ್ದರೆ ಬೇರಿಂಗಿನ ಮೇಲೆ ಸನ್ನೆಯಂತೆ ಭಾರ ಬೀಳುವುದರಿಂದ, ಚಕ್ರ ಬದಲಿಸಿದ ಕೆಲವು ತಿಂಗಳ ಮೇಲೆ ಈ ಸದ್ದು ಶುರುವಾಗುವುದೂ ಉಂಟು.

ಕೊಳ್ಳುವ ಮೊದಲೇ ಟೈರಿನ ಪಕ್ಕೆಯಲ್ಲಿ ಡಾಟ್ ಎಂಬ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕೆಗಳನ್ನು ಓದಿ. 2314 ಎಂದಿದ್ದರೆ ಅದು 2014ರ 23ನೆಯ ವಾರದಲ್ಲಿ ತಯಾರಾದದ್ದು. ಗಟ್ಟಿ ಎಷ್ಟೇ ಉಳಿದಿರಲಿ, ಅದನ್ನು ಅಂಗಡಿಯಲ್ಲೇ ಬಿಡಿ. ಹಾಕಿಸುವಾಗ ಚಕ್ರ ನೆಲ ಮುಟ್ಟುವ ಮೊದಲೇ ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಸುತ್ತಾ ಬರಲಿ, ಕೊನೆಯ ಬಿಗಿ ಮಾತ್ರ ನೆಲದ ಮೇಲೆ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು. ಬಸವಕಲ್ಯಾಣದಿಂದ ಹುಮನಾಬಾದಿಗೆ ಸುಮಾರು 30 ಕಿ.ಮೀ.; ಒಮ್ಮೆ ಹೋಗಿ ಬಂದು, ಚಕ್ರ ತಣ್ಣಗಾದ ಮೇಲೆ, ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿ ನೋಡಿ.