ನರರೋಗಗಳಲ್ಲಿ ದಣಿವು: ಬೆಳಗಿನ ನಡಿಗೆ ಸಂಜೆಗೆ ಏಕೆ ತಪ್ಪುತ್ತದೆ?

ಬೆಳಗ್ಗೆ ಊರುಗೋಲು ಹಿಡಿದು ಬಸದಿಗೆ ಹೋಗಿ ಬಂದ ತಂದೆಯವರು ಸಂಜೆ ಹಜಾರದಿಂದ ಬಚ್ಚಲುಮನೆಗೆ ಹೋಗಲು ಗೋಡೆ ಹಿಡಿಯುತ್ತಾರೆ. ಹೊಸ್ತಿಲು ದಾಟುವಾಗ ಕಾಲು ತಾಗುತ್ತದೆ. “ಬೆಳಗ್ಗೆ ಚೆನ್ನಾಗಿಯೇ ನಡೆದಿರಲ್ಲ ಅಪ್ಪಾಜಿ, ಈಗೇನಾಯಿತು?” ಎಂದು ಮನೆಯವರು ಕೇಳುತ್ತಾರೆ. ಅವರಲ್ಲಿ ಉತ್ತರವಿರುವುದಿಲ್ಲ. ಮನಸ್ಸು ಮಾಡಿದರೆ ನಡೆಯಬಲ್ಲರು, ಮನಸ್ಸಿಲ್ಲ ಅಷ್ಟೆ ಎಂಬ ಮಾತು ಮನೆಯಲ್ಲಿ ನಿಧಾನವಾಗಿ ಹುಟ್ಟಿಕೊಳ್ಳುತ್ತದೆ.

ಪಾರ್ಕಿನ್ಸನ್, ಪಾರ್ಶ್ವವಾಯು, ಮಲ್ಟಿಪಲ್ ಸ್ಕ್ಲೆರೋಸಿಸ್ ಮುಂತಾದ ನರರೋಗಗಳಿರುವವರಲ್ಲಿ ಈ ವ್ಯತ್ಯಾಸ ಸಾಮಾನ್ಯ. ಇದು ಸೋಮಾರಿತನವಲ್ಲ, ನಟನೆಯೂ ಅಲ್ಲ. ದಣಿವು ಈ ಕಾಯಿಲೆಗಳ ಲಕ್ಷಣಗಳಲ್ಲಿ ಒಂದು. ಕೈ ನಡುಕ, ಕಾಲಿನ ಬಿಗಿತ ಕಣ್ಣಿಗೆ ಕಾಣುತ್ತವೆ, ದಣಿವು ಕಾಣುವುದಿಲ್ಲ. ಆದರೆ ಜಾರಿ ಬೀಳುವುದಕ್ಕೆ ಅನೇಕ ಸಲ ಇದೇ ಕಾರಣವಾಗುತ್ತದೆ.

ಸಾಮಾನ್ಯ ಸುಸ್ತಿಗೂ ಇದಕ್ಕೂ ಏನು ವ್ಯತ್ಯಾಸ?

ಆರೋಗ್ಯವಂತರು ದಿನವಿಡೀ ದುಡಿದು ಸುಸ್ತಾದರೆ ಒಂದು ರಾತ್ರಿಯ ನಿದ್ದೆಯಿಂದ ಚೇತರಿಸಿಕೊಳ್ಳುತ್ತಾರೆ. ನರರೋಗದ ದಣಿವು ಹಾಗಲ್ಲ. ಮಾಡಿದ ಕೆಲಸ ಸಣ್ಣದಿದ್ದರೂ ದಣಿವು ದೊಡ್ಡದಾಗಿರಬಹುದು, ನಿದ್ದೆ ಮಾಡಿ ಎದ್ದ ಮೇಲೂ ಉಳಿದಿರಬಹುದು.

ವೈದ್ಯರು ಇದರಲ್ಲಿ ಎರಡು ಬಗೆಗಳನ್ನು ಗುರುತಿಸುತ್ತಾರೆ. ಒಂದು, ರೋಗಿಗೆ ಒಳಗಿನಿಂದ ಅನುಭವವಾಗುವ ದಣಿವು. ಇನ್ನೊಂದು, ಹೊರಗಿನಿಂದ ಅಳೆಯಬಹುದಾದದ್ದು: ನಡೆಯುತ್ತಾ ಹೋದಂತೆ ವೇಗ ತಗ್ಗುವುದು, ಹೆಜ್ಜೆ ಗಿಡ್ಡವಾಗುವುದು, ಪಾದ ಎತ್ತಲಾಗದೆ ನೆಲಕ್ಕೆ ಉಜ್ಜುವುದು. ಇವೆರಡೂ ಒಂದೇ ಪ್ರಮಾಣದಲ್ಲಿ ಇರಬೇಕೆಂದಿಲ್ಲ. “ನನಗೇನೂ ಆಗಿಲ್ಲ” ಎನ್ನುವವರ ಪಾದವೂ ನೂರು ಹೆಜ್ಜೆಯ ನಂತರ ನೆಲಕ್ಕೆ ಉಜ್ಜುತ್ತಿರಬಹುದು. ಆದ್ದರಿಂದ ರೋಗಿಯ ಮಾತನ್ನೂ ಕೇಳಬೇಕು, ಅವರ ನಡಿಗೆಯನ್ನೂ ನೋಡಬೇಕು.

ಶರೀರದಲ್ಲಿ ನಡೆಯುವುದೇನು?

ಒಂದು ಹೆಜ್ಜೆ ಇಡಲು ಮೆದುಳಿನಿಂದ ಹೊರಟ ಸಂಕೇತ ಬೆನ್ನುಹುರಿ ಮತ್ತು ನರಗಳ ಮೂಲಕ ಸ್ನಾಯುವನ್ನು ತಲುಪಬೇಕು. ಈ ದಾರಿಯಲ್ಲಿ ಎಲ್ಲಿ ಅಡಚಣೆಯಾದರೂ ಅದೇ ಹೆಜ್ಜೆಗೆ ಹೆಚ್ಚು ಶ್ರಮ ಬೇಕಾಗುತ್ತದೆ. ಅಡಚಣೆಯ ಜಾಗ ಒಂದೊಂದು ಕಾಯಿಲೆಯಲ್ಲಿ ಒಂದೊಂದು.

ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನರತಂತುಗಳ ಮೇಲಿನ ಮೈಲಿನ್ ಎಂಬ ಹೊದಿಕೆ ಹಾಳಾಗುತ್ತದೆ. ಮೈ ಬಿಸಿಯಾದಾಗ ಅಂಥ ನರಗಳಲ್ಲಿ ಸಂಕೇತದ ಹರಿವು ಇನ್ನಷ್ಟು ಕುಗ್ಗುತ್ತದೆ. ಶ್ರಮದ ನಂತರ ಇಂಥ ರೋಗಿಗಳ ದೃಷ್ಟಿ ಸ್ವಲ್ಪ ಹೊತ್ತು ಮಂಜಾಗುವುದನ್ನು ಜರ್ಮನಿಯ ನೇತ್ರವೈದ್ಯ ವಿಲ್ಹೆಲ್ಮ್ ಊಟ್‌ಹೋಫ್ 1890ರಲ್ಲಿ ದಾಖಲಿಸಿದರು. ಬೇಸಿಗೆಯ ಮಧ್ಯಾಹ್ನ, ಜ್ವರ, ತುಂಬಾ ಬಿಸಿನೀರಿನ ಸ್ನಾನ ಇವುಗಳ ನಂತರ ಕಾಲು ಸೋಲುವುದೂ ಇದೇ ಕಾರಣದಿಂದ. ಮೈ ತಣ್ಣಗಾದ ಮೇಲೆ ಸಾಮಾನ್ಯವಾಗಿ ಮೊದಲಿನ ಸ್ಥಿತಿ ಮರಳುತ್ತದೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಕಾಯಿಲೆಗೆ ಇಂದು ಅವರದೇ ಹೆಸರಿದೆ. ಇದರಲ್ಲಿ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗಿ, ತಾನಾಗಿಯೇ ಆಗಬೇಕಾದ ನಡಿಗೆಗೆ ಪ್ರತಿ ಹೆಜ್ಜೆಯಲ್ಲೂ ಗಮನ ಬೇಕಾಗುತ್ತದೆ. ದಣಿದಾಗ ಆ ಗಮನ ನಿಲ್ಲುವುದಿಲ್ಲ. ಬಾಗಿಲಲ್ಲಿ, ತಿರುಗುವಲ್ಲಿ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡಬಹುದು.

ಪಾರ್ಶ್ವವಾಯುವಿನ ನಂತರ ಒಂದು ಕಾಲಿನ ಕೊರತೆಯನ್ನು ಇನ್ನೊಂದು ಕಾಲು, ಸೊಂಟ, ಬೆನ್ನು ತುಂಬಿಕೊಡುತ್ತವೆ. ಅಷ್ಟೇ ದೂರ ನಡೆಯಲು ಮೊದಲಿಗಿಂತ ಬಹಳ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಮಯಸ್ತೀನಿಯಾ ಗ್ರೇವಿಸ್ ಎಂಬ ಕಾಯಿಲೆಯಲ್ಲಿ ನರ ಮತ್ತು ಸ್ನಾಯು ಕೂಡುವ ಜಾಗದಲ್ಲೇ ತೊಂದರೆ. ಬಳಸಿದಷ್ಟೂ ಸ್ನಾಯು ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಚೇತರಿಸುತ್ತದೆ. ಸಂಜೆಯ ಹೊತ್ತಿಗೆ ಕಣ್ಣಿನ ರೆಪ್ಪೆ ಜೋತುಬೀಳುವುದು ಇದರ ಪರಿಚಿತ ಲಕ್ಷಣ.

ಬಾಲ್ಯದಲ್ಲಿ ಪೋಲಿಯೊ ಆಗಿದ್ದವರನ್ನೂ ಮರೆಯುವಂತಿಲ್ಲ. ಭಾರತವು 2014ರಲ್ಲಿ ಪೋಲಿಯೊ ಮುಕ್ತವೆಂದು ಘೋಷಿತವಾಯಿತು. ಆದರೆ ಅದಕ್ಕೆ ಹಿಂದೆ ಪೋಲಿಯೊ ತಗುಲಿದವರು ಈಗ ನಡುವಯಸ್ಸು ದಾಟುತ್ತಿದ್ದಾರೆ. ದಶಕಗಳ ಕಾಲ ಸ್ಥಿರವಾಗಿದ್ದ ಅವರ ಕಾಲಿನಲ್ಲಿ ಹೊಸದಾಗಿ ದಣಿವು, ದೌರ್ಬಲ್ಯ ಕಾಣಿಸಿಕೊಂಡರೆ ಅದು ಬರೀ ವಯಸ್ಸಿನದೆಂದು ಬಿಡದೆ ನರರೋಗ ತಜ್ಞರಿಗೆ ತೋರಿಸಬೇಕು.

ಅಳೆಯುವುದು ಹೇಗೆ?

ದಣಿವಿಗೆ ರಕ್ತಪರೀಕ್ಷೆ ಇಲ್ಲ. 1989ರಲ್ಲಿ ರೂಪಿಸಲಾದ ಒಂದು ಪ್ರಶ್ನಾವಳಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 9 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಡಬೇಕು. ಸರಾಸರಿ 4 ಅಥವಾ ಹೆಚ್ಚಾದರೆ ದಣಿವು ಗಮನಾರ್ಹವೆಂದು ಸಾಮಾನ್ಯವಾಗಿ ಪರಿಗಣಿಸುತ್ತಾರೆ. ನಡಿಗೆಗೆ 6 ನಿಮಿಷಗಳ ಪರೀಕ್ಷೆ ಇದೆ. ಮೊದಲ ನಿಮಿಷದಲ್ಲಿ ಕ್ರಮಿಸಿದ ದೂರಕ್ಕೂ ಕೊನೆಯ ನಿಮಿಷದ ದೂರಕ್ಕೂ ಇರುವ ಅಂತರ ನೋಡಿದರೆ ದಣಿವು ನಡಿಗೆಯನ್ನು ಎಷ್ಟು ಕುಗ್ಗಿಸಿತೆಂದು ತಿಳಿಯುತ್ತದೆ.

ವೈದ್ಯರ ಕೊಠಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ತೋರಿಸಿದರೆ ಈ ಅಂತರ ಕಾಣುವುದಿಲ್ಲ. ಹಾಗಾಗಿ ಒಂದು ವಾರ ಮನೆಯಲ್ಲೇ ಟಿಪ್ಪಣಿ ಇಡುವುದು ಒಳ್ಳೆಯದು: ಯಾವ ಹೊತ್ತಿನಲ್ಲಿ ಕಾಲು ಎಳೆಯುತ್ತದೆ, ಮಾತ್ರೆ ತೆಗೆದುಕೊಂಡು ಎಷ್ಟು ಹೊತ್ತಾಗಿತ್ತು, ರಾತ್ರಿ ನಿದ್ದೆ ಹೇಗಿತ್ತು. ಬೆಳಗ್ಗೆ ಮತ್ತು ಸಂಜೆಯ ನಡಿಗೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿದರೆ ವೈದ್ಯರಿಗೆ ಬಹಳ ಅನುಕೂಲ.

ಸರಿಪಡಿಸಬಹುದಾದ ಕಾರಣಗಳು

ಎಲ್ಲ ದಣಿವನ್ನೂ ಮೂಲ ಕಾಯಿಲೆಯ ಲೆಕ್ಕಕ್ಕೆ ಹಾಕಬಾರದು. ರಕ್ತಹೀನತೆ, ಥೈರಾಯಿಡ್ ಕೊರತೆ, ಗೊರಕೆಯೊಂದಿಗೆ ಉಸಿರು ಕಟ್ಟಿ ಕೆಡುವ ನಿದ್ದೆ, ಖಿನ್ನತೆ, ಮಂಪರು ತರುವ ಮಾತ್ರೆಗಳು ಇವೆಲ್ಲವೂ ದಣಿವನ್ನು ಹೆಚ್ಚಿಸುತ್ತವೆ.

ಸಸ್ಯಾಹಾರಿ ಕುಟುಂಬಗಳು ವಿಟಮಿನ್ ಬಿ12 ಕಡೆ ವಿಶೇಷ ಗಮನ ಕೊಡಬೇಕು. ಸೊಪ್ಪು, ಬೇಳೆ, ಧಾನ್ಯಗಳಲ್ಲಿ ಇದು ಸಿಗುವುದಿಲ್ಲ. ಹಾಲು, ಮೊಸರಿನಿಂದ ಸ್ವಲ್ಪಮಟ್ಟಿಗೆ ಸಿಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲಿ ಇದು ಇನ್ನೂ ಕಡಿಮೆಯಾಗಬಹುದು. ಬಿ12 ಕೊರತೆಯೇ ಪಾದ ಜೋಮು ಹಿಡಿಯುವುದಕ್ಕೂ ಸಮತೋಲನ ತಪ್ಪುವುದಕ್ಕೂ ಕಾರಣವಾಗಬಲ್ಲದು. ಸರಳ ರಕ್ತಪರೀಕ್ಷೆಯಿಂದ ತಿಳಿಯುತ್ತದೆ, ಮಾತ್ರೆ ಅಥವಾ ಚುಚ್ಚುಮದ್ದಿನಿಂದ ತುಂಬಿಕೊಳ್ಳಬಹುದು. ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಮಾತ್ರೆ, ಊಟ ಮತ್ತು ಉಪವಾಸ

ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯ ಪರಿಣಾಮ ಇಳಿದಾಗ ನಡಿಗೆಯೂ ಇಳಿಯುತ್ತದೆ. ಬೇಳೆ, ಹಾಲು, ಪನೀರಿನಂಥ ಪ್ರೋಟೀನ್ ಹೆಚ್ಚಿರುವ ಊಟದೊಂದಿಗೆ ತೆಗೆದುಕೊಂಡರೆ ಕೆಲವರಲ್ಲಿ ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಆದ್ದರಿಂದ ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಒಂದು ಗಂಟೆ ನಂತರ ತೆಗೆದುಕೊಳ್ಳಲು ವೈದ್ಯರು ಹೇಳುವುದುಂಟು.

ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಸುವ ಮನೆಗಳಲ್ಲಿ ಸಂಜೆಯ ಮಾತ್ರೆಯೂ ಊಟವೂ ಒಟ್ಟಿಗೆ ಬೀಳುವ ಸಂಭವ ಹೆಚ್ಚು. ಪರ್ವದ ದಿನಗಳ ಉಪವಾಸ, ಏಕಾಶನಗಳಲ್ಲಿ ಮಾತ್ರೆಯೇ ಬಿಟ್ಟುಹೋಗಬಹುದು. ಲೆವೊಡೋಪಾವನ್ನು ಏಕಾಏಕಿ ನಿಲ್ಲಿಸುವುದು ಅಪಾಯಕಾರಿ. ಮಯಸ್ತೀನಿಯಾದ ಮಾತ್ರೆಗಳನ್ನೂ ತಪ್ಪಿಸುವಂತಿಲ್ಲ. ಮನೆಯ ನಿಯಮಗಳನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಅದಕ್ಕೆ ಹೊಂದುವ ವೇಳೆಯನ್ನು ಸೂಚಿಸಬಲ್ಲರು.

ಮನೆಯವರು ಮಾಡಬಹುದಾದದ್ದು

• ಸ್ನಾನ, ದೇವದರ್ಶನ, ಆಸ್ಪತ್ರೆ ಭೇಟಿ ಇವುಗಳನ್ನು ಅವರಿಗೆ ಶಕ್ತಿ ಇರುವ ಹೊತ್ತಿಗೆ ಇಟ್ಟುಕೊಳ್ಳಬೇಕು. ಎಲ್ಲವನ್ನೂ ಒಂದೇ ದಿನ ತುಂಬಬಾರದು.

• ಪೂರ್ತಿ ಸೋತ ಮೇಲೆ ಅಲ್ಲ, ಸೋಲುವ ಮೊದಲೇ ಕುಳ್ಳಿರಿಸಬೇಕು. ದಾರಿಯಲ್ಲಿ, ಅಡುಗೆಮನೆಯಲ್ಲಿ, ಬಚ್ಚಲಿನಲ್ಲಿ ಕೂರಲು ಗಟ್ಟಿಯಾದ ಕುರ್ಚಿ ಇರಲಿ.

• ನಡೆಯುವಾಗ ಮಾತಿಗೆಳೆಯಬಾರದು. ಮಾತನಾಡಲು ನಡಿಗೆ ನಿಲ್ಲಿಸುವ ವೃದ್ಧರು ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ಸಂಶೋಧಕರು 1997ರಲ್ಲಿ ವರದಿ ಮಾಡಿದ್ದರು.

• ಬಚ್ಚಲಿನಲ್ಲಿ ಹಿಡಿಕೆ, ರಾತ್ರಿ ದಾರಿಗೆ ದೀಪ, ಸಡಿಲ ಚಪ್ಪಲಿಯ ಬದಲು ಹಿಮ್ಮಡಿ ಹಿಡಿಯುವ ಪಾದರಕ್ಷೆ ಇರಬೇಕು.

• ಬೆಳಗ್ಗೆ ಬೇಡವೆನಿಸುವ ಊರುಗೋಲು ಅಥವಾ ವಾಕರ್ ಸಂಜೆಗೆ ಬೇಕಾಗಬಹುದು. ಪಾದ ಜೋತುಬಿದ್ದರೆ ಅದನ್ನು ಎತ್ತಿ ಹಿಡಿಯುವ ಪಟ್ಟಿಯ ಬಗ್ಗೆ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಬೇಕು.

ದಣಿವಾಗುತ್ತದೆಂದು ನಡೆಯುವುದನ್ನೇ ಬಿಡುವುದು ತಪ್ಪು. ಬಳಸದ ಸ್ನಾಯು ಕ್ಷೀಣಿಸಿ ದಣಿವು ಇನ್ನೂ ಬೇಗ ಬರುತ್ತದೆ. ಅಳತೆಯಾದ, ನಿಧಾನವಾಗಿ ಹೆಚ್ಚಿಸುತ್ತಾ ಹೋಗುವ ವ್ಯಾಯಾಮ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಎರಡರಲ್ಲೂ ಪ್ರಯೋಜನಕಾರಿ. ಮಯಸ್ತೀನಿಯಾ ಇರುವವರು ಮತ್ತು ಪೋಲಿಯೊ ಆಗಿದ್ದವರು ಮಾತ್ರ ಅತಿಯಾಗಿ ಮಾಡದೆ ತಜ್ಞರ ಮಾರ್ಗದರ್ಶನದಲ್ಲೇ ಮಾಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೆಂದೇ ಪ್ರತ್ಯೇಕ ವಿಭಾಗವಿದೆ.

ಇದು ತುರ್ತು

ದಣಿವು ದಿನದ ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಹಠಾತ್ತನೆ ಮುಖ ಸೊಟ್ಟಗಾದರೆ, ಒಂದು ಕಡೆಯ ಕೈಕಾಲು ಬಿದ್ದುಹೋದರೆ, ಮಾತು ತೊದಲಿದರೆ ಅದು ದಣಿವಲ್ಲ, ಪಾರ್ಶ್ವವಾಯು ಇರಬಹುದು. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಮಲಗಿ ಎದ್ದರೆ ಸರಿಹೋದೀತೆಂದು ಕಾಯದೆ 108ಕ್ಕೆ ಕರೆ ಮಾಡಬೇಕು. ಮಯಸ್ತೀನಿಯಾ ಇರುವವರಿಗೆ ಉಸಿರಾಡಲು ಅಥವಾ ನುಂಗಲು ಕಷ್ಟವಾದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಸೇರಿವೆ. ಕಾನೂನು ಇಷ್ಟನ್ನು ಒಪ್ಪಿಕೊಂಡಿದೆ. ಮನೆಯೂ ಒಪ್ಪಿಕೊಂಡರೆ, ಸಂಜೆ ಗೋಡೆ ಹಿಡಿದು ನಿಂತ ತಂದೆಯವರನ್ನು “ಈಗೇನಾಯಿತು?” ಎಂದು ಕೇಳುವ ಬದಲು ಯಾರಾದರೂ ಎದ್ದು ಹೋಗಿ ತೋಳು ಕೊಡುತ್ತಾರೆ.