ತಾವರೆದಂಟಿನ ನೂಲು

ಪೂಜೆಗೆಂದು ಕೊಯ್ದ ತಾವರೆಯ ದಂಟನ್ನು ಮುರಿದು, ಎರಡು ತುಂಡುಗಳನ್ನೂ ಮೆಲ್ಲನೆ ದೂರಕ್ಕೆ ಸೆಳೆದು ನೋಡಿದವರು, ದಂಟು ಬೇರೆಯಾದರೂ ನಂಟನ್ನು ಬಿಡದೆ ನಡುವೆ ಜೇಡನ ಬಲೆಯಂತೆ ಮಿನುಗುವ ಬಿಳಿಯ ಎಳೆಗಳನ್ನು ಕಂಡಿರಬೇಕು. ನಮ್ಮ ಪ್ರಾಚೀನ ಕವಿಗಳು ಇದನ್ನು ಬಿಸತಂತುವೆಂದು ಕರೆದು, ಸೌಕುಮಾರ್ಯಕ್ಕೆ ಉಪಮಾನವನ್ನಾಗಿಸಿ ಅಷ್ಟಕ್ಕೇ ತೃಪ್ತರಾದರು. ಬರ್ಮಾ ದೇಶದ ಇನ್ಲೆ ಸರೋವರದ ಸ್ತ್ರೀಯರಾದರೋ ಅದನ್ನೇ ಹೊಸೆದು ವಸ್ತ್ರವನ್ನು ನೆಯ್ದರು.

ದಂಟಿನೊಳಗೆ ನೀರನ್ನೇರಿಸುವ ನಾಳಗಳ ಒಳಗೋಡೆಗೆ ಸುರುಳಿಸುರುಳಿಯಾಗಿ ಅಂಟಿಕೊಂಡಿರುವ ದಾರವೇ ಈ ಎಳೆ; ಮುರಿದಾಗ ಸುರುಳಿ ಬಿಚ್ಚಿಕೊಳ್ಳುವುದರಿಂದಲೇ ಅದು ಅಷ್ಟು ನೀಳವಾಗಿ ಹೊರಬರುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಾ ಊ ಎಂಬ ಹೆಣ್ಣುಮಗಳು, ಬುದ್ಧನಿಗೆ ಅರ್ಪಿಸಲೆಂದು ಕೊಯ್ದ ಹೂವಿನಲ್ಲಿ ಇದನ್ನು ಗಮನಿಸಿ, ವಿಹಾರದ ಗುರುಗಳಿಗೆ ಇದರಿಂದಲೇ ಚೀವರವನ್ನು ನೆಯ್ದು ಸಮರ್ಪಿಸಿದಳೆಂದು ಅಲ್ಲಿಯ ಜನ ಹೇಳುತ್ತಾರೆ.

ಮಳೆಗಾಲದಲ್ಲಿ ದೋಣಿಯಲ್ಲಿ ಹೋಗಿ ದಂಟುಗಳನ್ನು ಕೊಯ್ದು ತರುವರು. ಐದಾರು ದಂಟುಗಳನ್ನು ಒಟ್ಟಿಗೆ ಹಿಡಿದು, ಚಾಕುವಿನ ಮೊನೆಯಿಂದ ಸುತ್ತಲೂ ತುಸುವೇ ಗೀರಿ, ಲಟಕ್ಕನೆ ಮುರಿದು ಸೆಳೆದು, ಹೊರಬಂದ ಎಳೆಗಳನ್ನು ನೀರು ಚಿಮುಕಿಸಿದ ಹಲಗೆಯ ಮೇಲೆ ಅಂಗೈಯಿಂದ ಹೊಸೆದು, ಹಿಂದಿನ ಎಳೆಯ ತುದಿಗೆ ಮುಂದಿನದನ್ನು ಕೂಡಿಸುತ್ತ ಹೋಗುವರು. ದಂಟು ಒಣಗಿತೆಂದರೆ ಕೆಲಸ ಕೆಟ್ಟಿತು. ಆದುದರಿಂದ ಕೊಯ್ದ ಒಂದು ದಿನದೊಳಗೇ ಎಳೆ ತೆಗೆದು ಮುಗಿಸಬೇಕು. ಮಗ್ಗದ ಮೇಲೂ ನೂಲನ್ನು ತೇವವಾಗಿಯೇ ಇಡುತ್ತಾರೆ. ಕೊರಳಿಗೆ ಸುತ್ತುವ ಒಂದು ವಸ್ತ್ರಕ್ಕೆ ಸಾವಿರಾರು ದಂಟುಗಳು ಬೇಕಾಗುತ್ತವೆ. ಅದರ ಬೆಲೆಯನ್ನು ಕೇಳಿ ಹುಬ್ಬೇರಿಸುವವರು ಆ ಅಂಗೈಗಳನ್ನೊಮ್ಮೆ ನೆನೆಯುವುದು ನ್ಯಾಯವೆಂದು ನನ್ನ ಭಾವನೆ. ನಮ್ಮ ಮಣಿಪುರದ ಲೋಕ್ತಾಕ್ ಸರೋವರದ ತೀರದಲ್ಲಿಯೂ ಈಚೆಗೆ ಈ ಕಸುಬು ಬೇರೂರುತ್ತಿರುವುದು ಸಂತೋಷದ ಸಂಗತಿ.

ತಾವರೆಯನ್ನು ಬೆಳೆಸಲು ಸರೋವರವೇ ಬೇಕೆಂದಿಲ್ಲ. ಅಗಲವಾದ ತೊಟ್ಟಿಯಲ್ಲಿ ಕೆರೆಯ ಜಿಗುಟು ಮಣ್ಣನ್ನು ತುಂಬಿ, ಗೆಡ್ಡೆಯನ್ನು ಅಡ್ಡಲಾಗಿ ಮಲಗಿಸಿ, ಮೊಳಕೆಯ ತುದಿ ಮಾತ್ರ ಮೇಲಿರುವಂತೆ ಹೂತು, ನಿಂತ ನೀರನ್ನೂ ದಿನಕ್ಕೆ ಆರು ಗಂಟೆಯ ಬಿಸಿಲನ್ನೂ ಒದಗಿಸಿದರೆ ಸಾಕು. ಬೀಜದಿಂದ ಬೆಳೆಸುವವರು ಅದರ ಕಲ್ಲಿನಂಥ ಸಿಪ್ಪೆಯನ್ನು ಒಂದು ಕಡೆ ಉಜ್ಜಿ ತೆಳುವಾಗಿಸದ ಹೊರತು ಅದು ಬೇಗನೆ ಮೊಳೆಯದು.

ಕಳೆದ ಶ್ರಾವಣದಲ್ಲಿ ನಮ್ಮ ಹಿತ್ತಿಲ ತೊಟ್ಟಿಯ ಆರು ದಂಟುಗಳನ್ನು ಮುರಿದು, ಒದ್ದೆಯಾದ ಮಣೆಯ ಮೇಲೆ ಹೊಸೆಯುತ್ತ ಕುಳಿತೆ. ಅರ್ಧ ಗಂಟೆಯಲ್ಲಿ ಒಂದು ಗೇಣು ದಾರವಾಯಿತು. ಸಂಜೆ ಅದನ್ನು ಬತ್ತಿಯಾಗಿ ಮಡಿಚಿ, ಎಣ್ಣೆಯಲ್ಲಿ ನೆನೆಸಿ, ತುಳಸಿಕಟ್ಟೆಯ ಹಣತೆಯಲ್ಲಿಟ್ಟೆ.